ನಲವತ್ತೈದು ದಾಟಿದ ಮೇಲೆ ಮೋಟರ್ ವೈಂಡಿಂಗ್ ಕಲಿಯುವವರಿಗೆ

ನಮ್ಮ ಚಿತ್ರದುರ್ಗದ ಕಡೆ ಬೋರಿನ ನೀರೊಳಗೆ ಮುಳುಗಿ ಓಡುವ ಸಬ್‌ಮರ್ಸಿಬಲ್ ಮೋಟರ್ ರಿಪೇರಿಗೆ ಕೆಲಸದ ಬರ ಇಲ್ಲ. ಹಿರಿಯೂರಿನ ದಾಳಿಂಬೆ, ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗು ಬೋರನ್ನು ನಂಬಿಕೊಂಡೇ ಬದುಕಿವೆ. ನಾನು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ನಲವತ್ತಾರನೇ ವಯಸ್ಸಿಗೆ ಸುಟ್ಟ ಮೋಟರ್‌ಗೆ ಹೊಸ ತಂತಿ ಸುತ್ತುವ ಈ ಕಸುಬಿಗೆ ಬಂದೆ. ನನ್ನ ವಯಸ್ಸಿನವರು ಕೇಳಿದರೆ ಹೇಳುವುದು ಒಂದೇ. ತಂತಿ ಸುತ್ತುವುದನ್ನು ಆಮೇಲೆ ಕಲಿಯಿರಿ, ಮೋಟರ್ ಯಾಕೆ ಸುಟ್ಟಿತು ಅಂತ ಪತ್ತೆ ಹಚ್ಚುವುದನ್ನು ಮೊದಲು ಕಲಿಯಿರಿ. ಸುತ್ತುವ ವೇಗದಲ್ಲಿ ಇಪ್ಪತ್ತರ ಹುಡುಗರಿಗೆ ನಾವು ಸಾಟಿ ಆಗಲ್ಲ. ಕಾರಣ ಹುಡುಕಲು ವೇಗ ಬೇಡ, ತಾಳ್ಮೆ ಬೇಕು.

ವರ್ಕ್‌ಶಾಪ್‌ಗೆ ಸೇರುವುದಾದರೆ ದೀಪಾವಳಿ ಕಳೆದ ಮೇಲೆ ಸೇರಿ. ಮಾರ್ಚ್‌ನಿಂದ ಮೇವರೆಗೆ ಕೆಲಸ ಮೈಮೇಲೆ ಬೀಳುತ್ತದೆ, ಆಗ ಕಲಿಸಲು ಯಾರಿಗೂ ಪುರುಸೊತ್ತಿರಲ್ಲ. ಕಲಿಸುವವನು ನಿಮ್ಮ ಮಗನ ವಯಸ್ಸಿನವನಿರಬಹುದು. ನನಗೆ ಕಲಿಸಿದ ಹುಡುಗ ನನ್ನನ್ನು 'ಅಣ್ಣಾರೆ' ಅನ್ನುತ್ತಿದ್ದ, ಬೈಯುವಾಗಲೂ ಹಾಗೇ. ಸ್ವಉದ್ಯೋಗ ತರಬೇತಿ ಕೊಡುವ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯಲ್ಲೂ ವಿಚಾರಿಸಿ. ಇಂಥ ಕಡೆ ತರಬೇತಿ, ಊಟ, ವಸತಿ ಎಲ್ಲ ಉಚಿತ. ಆದರೆ ವಯಸ್ಸಿನ ಮಿತಿ ಇರುತ್ತದೆ, ಅದನ್ನೇ ಮೊದಲು ಕೇಳಿ.

ಈಗ ಸುಟ್ಟ ಮೋಟರ್ ವಿಷಯ. ಬಿಚ್ಚಿದ ಕೂಡಲೇ ಹಳೆ ತಂತಿ ಕೀಳಬೇಡಿ, ಕಾಯಿಲ್‌ಗಳ (ತಂತಿ ಸುರುಳಿಗಳ) ಬಣ್ಣ ನೋಡಿ. ಮೂರು ಫೇಸಿನ (ಕರೆಂಟಿನ ಮೂರು ಲೈನಿನ) ಕಾಯಿಲ್‌ಗಳ ಒಂದೊಂದು ತುದಿ ಒಂದೇ ಕಡೆ ಸೇರುವ ಸ್ಟಾರ್ ಕನೆಕ್ಷನ್ ಇದ್ದು ಎರಡು ಫೇಸಿನ ಕಾಯಿಲ್ ಕಪ್ಪಾಗಿ, ಮೂರನೆಯದು ಚೆನ್ನಾಗಿದ್ದರೆ ಓಡುವಾಗ ಒಂದು ಫೇಸ್ ಹೋಗಿದೆ. ತುದಿಗೆ ತುದಿ ಸೇರಿ ತ್ರಿಕೋನವಾಗುವ ಡೆಲ್ಟಾ ಆಗಿದ್ದರೆ ಉಲ್ಟಾ, ಒಂದೇ ಫೇಸಿನ ಕಾಯಿಲ್ ಸುಡುತ್ತದೆ. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಲೋಡ್ ಜಾಸ್ತಿಯಾಗಿದೆ, ಇಲ್ಲವೇ ವೋಲ್ಟೇಜ್ ಬಿದ್ದಿದೆ, ಇಲ್ಲವೇ ಶಾಫ್ಟ್ ತಿರುಗುವ ಬುಷ್ ಹಿಡಿದಿದೆ. ಒಂದೇ ಸ್ಲಾಟ್‌ನಲ್ಲಿ (ತಂತಿ ಕೂರುವ ಸಂದಿನಲ್ಲಿ) ಚುಕ್ಕೆಯಷ್ಟು ಸುಟ್ಟಿದ್ದರೆ ಅಲ್ಲಿ ತಂತಿಯ ಇನ್ಸುಲೇಷನ್ ಕೆಟ್ಟಿದೆ.

ಆಮೇಲೆ ರೈತರನ್ನು ಮಾತಿಗೆಳೆಯಿರಿ. ಮೂರನೇ ಫೇಸ್ ಇಲ್ಲದಾಗ ಕಂಡೆನ್ಸರ್ ಹಾಕಿ ಮೋಟರ್ ಓಡಿಸುವುದುಂಟು. "ಯಜಮಾನ್ರೇ, ಕಂಡೆನ್ಸರ್ ಹಾಕಿ ಎರಡು ಫೇಸಲ್ಲಿ ಓಡಿಸಿದ್ರಾ?" ಅಂತ ಕೇಳಿದರೆ ಮೊದಲು ಇಲ್ಲ ಅಂತಲೇ ಅನ್ನುತ್ತಾರೆ. ಟೀ ಕುಡಿದ ಮೇಲೆ "ಒಂದಿನ ರಾತ್ರಿ ಹಾಕಿದ್ವಿ, ಗಿಡ ಒಣಗ್ತಿದ್ವು" ಅಂತ ಹೊರಬೀಳುತ್ತದೆ. ಇಲ್ಲಿ ನಮ್ಮ ನರೆಗೂದಲು ಕೆಲಸಕ್ಕೆ ಬರುತ್ತದೆ. ಹುಡುಗರ ಹತ್ತಿರ ಹೇಳದ್ದನ್ನು ನಮ್ಮ ಹತ್ತಿರ ಹೇಳುತ್ತಾರೆ.

ತಂತಿ ಕೀಳುವ ಮುಂಚೆ ಎಲ್ಲ ಬರೆದಿಡಿ: ಎಷ್ಟು ಸ್ಲಾಟ್, ಕಾಯಿಲ್‌ಗೆ ಎಷ್ಟು ಸುತ್ತು, ಯಾವ ಗೇಜ್ (ತಂತಿಯ ದಪ್ಪ), ಕಾಯಿಲ್ ಎಷ್ಟನೇ ಸ್ಲಾಟ್‌ನಿಂದ ಎಷ್ಟನೆಯದಕ್ಕೆ ಹೋಗಿದೆ, ಕನೆಕ್ಷನ್ ಹೇಗೆ. ಮೊಬೈಲ್‌ನಲ್ಲಿ ಫೋಟೋ ಕೂಡ ತೆಗೆಯಿರಿ. ತಂತಿಯ ದಪ್ಪವನ್ನು ಮೈಕ್ರೋಮೀಟರ್‌ನಲ್ಲೇ ಅಳೆಯಿರಿ, ನಮ್ಮ ಕಣ್ಣನ್ನು ನಂಬುವಂತಿಲ್ಲ. ಹತ್ತಿರದ ಕೆಲಸಕ್ಕೆ ಬೇರೆ ಕನ್ನಡಕ ಮಾಡಿಸಿ. ಭಾರದ ಮೋಟರ್ ಎತ್ತಲು ಚೈನ್ ಪುಲ್ಲಿಯನ್ನು ಮೊದಲ ದಿನವೇ ಕೊಳ್ಳಿ. ಸೊಂಟ ಹಿಡಿದರೆ ಕಸುಬೂ ಮುಗಿದಂತೆ.

ನೀರು ತುಂಬುವ ಮೋಟರ್‌ಗೆ ಪ್ಲಾಸ್ಟಿಕ್ ಹೊದಿಕೆಯ ತಂತಿಯೇ ಆಗಬೇಕು, ಫ್ಯಾನ್ ಮೋಟರ್‌ನ ತೆಳು ಲೇಪದ ಎನಾಮಲ್ ತಂತಿ ನಡೆಯಲ್ಲ. ಸುತ್ತಿದ ಮೇಲೆ ಸ್ಟೇಟರನ್ನು (ತಂತಿ ಸುತ್ತಿದ, ತಿರುಗದ ಭಾಗವನ್ನು) ರಾತ್ರಿಯಿಡೀ ನೀರಿನ ಡ್ರಮ್‌ನಲ್ಲಿ ಮುಳುಗಿಸಿ, ಬೆಳಗ್ಗೆ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್ ಹಾಕಿ. ಒಣಗಿದ್ದಾಗ ಪಾಸಾಗಿ ನೀರಲ್ಲಿ ಫೇಲಾಗುವ ವೈಂಡಿಂಗ್ ಇಲ್ಲೇ ಸಿಕ್ಕಿಬೀಳುತ್ತದೆ. ಬೋರಿಗೆ ಇಳಿಸುವ ಮುಂಚೆ ಮೋಟರ್ ಒಳಗೆ ಶುದ್ಧ ನೀರು ತುಂಬಿಸಿ. ಖಾಲಿ ಓಡಿದರೆ ಬುಷ್ ಹೋಗುತ್ತದೆ.

ಸಾಲಕ್ಕೆ ಪಿಎಂ ವಿಶ್ವಕರ್ಮ (ಕುಶಲಕರ್ಮಿಗಳಿಗಿರುವ ಕೇಂದ್ರದ ಯೋಜನೆ) ಅಂತ ಸುಮ್ನೆ ಅಲೆಯಬೇಡಿ. ಅದರ 18 ಕಸುಬುಗಳಲ್ಲಿ ನಮ್ಮದಿಲ್ಲ. ಸ್ವಂತ ಉದ್ಯಮಕ್ಕೆ ಸಬ್ಸಿಡಿ ಸಾಲ ಕೊಡಿಸುವ ಪಿಎಂಇಜಿಪಿ ಯೋಜನೆಗೆ ಮೇಲಿನ ವಯೋಮಿತಿ ಇಲ್ಲ, ಬ್ಯಾಂಕಿನಲ್ಲಿ ಅದನ್ನು ಕೇಳಿ. ಆದರೆ ಒಂದು ಬೇಸಿಗೆ ಬೇರೆಯವರ ಕೈಕೆಳಗೆ ದುಡಿಯದೆ ಸಾಲಕ್ಕೆ ಕೈಹಾಕಬೇಡಿ ಅಂತ ನನ್ನ ಅಭಿಪ್ರಾಯ.

ಕೂಲಿ ಮಾತಾಡುವಾಗಲೇ ಹಳೆ ತಾಮ್ರ ಯಾರಿಗೆ ಅಂತ ತೀರ್ಮಾನಿಸಿ. ಜಗಳ ಹೆಚ್ಚಾಗಿ ಬರುವುದು ಅಲ್ಲೇ. ರೈತರ ಎದುರಿಗೇ ತೂಕ ಹಾಕಿ, ಬಿಲ್ಲಿನಲ್ಲಿ ಕಳೆದು ತೋರಿಸಿ. ಗ್ಯಾರಂಟಿ ಕೇಳಿದರೆ ಹೊಲಕ್ಕೆ ಹೋಗಿ ಸ್ಟಾರ್ಟರ್ ನೋಡಿ. ಲೋಡ್ ಜಾಸ್ತಿಯಾದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ತಂತಿ ಸುತ್ತಿ ಬೈಪಾಸ್ ಮಾಡಿದ್ದರೆ ಅದನ್ನು ಸರಿ ಮಾಡಿಸುವವರೆಗೆ ಒಂದು ದಿನದ ಗ್ಯಾರಂಟಿಯೂ ಬೇಡ.