ಜಾಹೀರಾತು ಖಾತೆಯ ಬಿಲ್ಲಿಂಗ್ ವಿವರ ಬದಲಿಸುವುದು: ನನ್ನ ಅನುಭವ

ಕಾರ್ಡಿನ ಅವಧಿ ಮುಗಿಯುತ್ತಾ ಬಂದಿದೆ, ಹೊಸ ಕಾರ್ಡು ಕೈಗೆ ಬಂದಿದೆ, ಹಳೆಯದನ್ನು ತೆಗೆದು ಹೊಸದನ್ನು ಹಾಕಿಬಿಡೋಣ ಎಂದು ಕೂತವರು ಮೊದಲ ಹೆಜ್ಜೆಯಲ್ಲೇ ಸಿಕ್ಕಿಕೊಳ್ಳುತ್ತಾರೆ. ‘ರಿಮೂವ್’ ಒತ್ತಿದರೆ ಆಗುವುದಿಲ್ಲ. ಖಾತೆಯಲ್ಲಿ ಬೇರೆ ಕಾರ್ಡಿಲ್ಲ, ಮೇಲೆ ಬಾಕಿ ಹಣ ಬೇರೆ ಉಳಿದಿದೆ ಎಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿ ಆ ಕಾರ್ಡನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ನಾನು ಈ ಕೆಲಸವನ್ನು ಯಾವಾಗಲೂ ಹಿಂದುಮುಂದಾಗಿಯೇ ಮಾಡುತ್ತೇನೆ: ಮೊದಲು ಹೊಸ ಕಾರ್ಡು ಸೇರಿಸುವುದು, ಅದನ್ನೇ ಮುಖ್ಯ ಕಾರ್ಡಾಗಿ ಮಾಡುವುದು, ಅದರ ಮೇಲೆ ಒಂದು ಪಾವತಿ ಸರಿಯಾಗಿ ಆದದ್ದನ್ನು ಕಣ್ಣಾರೆ ನೋಡುವುದು. ಹಳೆಯದನ್ನು ತೆಗೆಯುವುದು ಕಟ್ಟಕಡೆಗೆ.

ನಾನು ಹೆಚ್ಚಾಗಿ ನೋಡಿಕೊಳ್ಳುವುದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತುಗಳನ್ನು. ಆದ್ದರಿಂದ ಕೆಳಗಿನ ವಿವರವೆಲ್ಲ ಮೆಟಾ ಆ್ಯಡ್ಸ್ ಮ್ಯಾನೇಜರಿಗೆ, ಅಂದರೆ ಅವೆರಡರ ಜಾಹೀರಾತುಗಳನ್ನು ನಡೆಸುವ ಪುಟಕ್ಕೆ, ಸಂಬಂಧಿಸಿದ್ದು. ಮೆನು ಹೆಸರುಗಳು ಆಗಾಗ ಅಷ್ಟಿಷ್ಟು ಬದಲಾಗುತ್ತವೆ. ಕೆಲಸದ ಕ್ರಮ ಮಾತ್ರ ಬದಲಾಗಿಲ್ಲ.

‘ಬಿಲ್ಲಿಂಗ್ ವಿವರ’ ಎಂಬ ಒಂದೇ ಮಾತಿನಲ್ಲಿ ಮೂರು ಸಂಗತಿಗಳು ಸೇರಿಕೊಂಡಿವೆ. ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ. ಹಣ ಯಾವ ಕಾರ್ಡಿನಿಂದ ಹೋಗಬೇಕು ಎಂಬುದು ಒಂದು. ರಸೀದಿ ಯಾರ ಹೆಸರಿಗೆ, ಯಾವ ವಿಳಾಸಕ್ಕೆ, ಯಾವ ತೆರಿಗೆ ಸಂಖ್ಯೆಗೆ ಬರಬೇಕು ಎಂಬುದು ಇನ್ನೊಂದು. ಲೆಕ್ಕ ಯಾವ ಕರೆನ್ಸಿಯಲ್ಲಿ, ಯಾವ ಟೈಮ್ ಝೋನಿನಲ್ಲಿ, ಹಣ ಮುಂಗಡವಾಗಿಯೋ ಖರ್ಚಾದ ಮೇಲೋ ಎಂಬುದು ಮೂರನೆಯದು. ಮೊದಲನೆಯದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಎರಡನೆಯದನ್ನೂ ಬದಲಿಸಬಹುದು, ಆದರೆ ಈಗಾಗಲೇ ಬಂದ ರಸೀದಿಗಳು ಹಾಗೇ ಉಳಿಯುತ್ತವೆ. ಮೂರನೆಯದು ಖಾತೆ ತೆರೆದ ದಿನವೇ ಬಹುಮಟ್ಟಿಗೆ ಗಟ್ಟಿಯಾಗಿಬಿಟ್ಟಿರುತ್ತದೆ. ಕೂರುವ ಮೊದಲೇ ಇವುಗಳಲ್ಲಿ ಯಾವುದನ್ನು ಬದಲಿಸಬೇಕಿದೆ ಎಂದು ಖಚಿತ ಮಾಡಿಕೊಳ್ಳಿ.

ಇನ್ನು, ಯಾವ ಖಾತೆ? ಕೆಲವು ವರ್ಷ ಜಾಹೀರಾತು ಕೊಟ್ಟವರ ಲಾಗಿನ್‌ನಲ್ಲಿ ಕಡಿಮೆಯೆಂದರೂ ಎರಡು ಜಾಹೀರಾತು ಖಾತೆಗಳಿರುತ್ತವೆ: ಹಿಂದೆಂದೋ ಪೋಸ್ಟ್ ಬೂಸ್ಟ್ ಮಾಡಿದಾಗ (ಹಾಕಿದ ಪೋಸ್ಟನ್ನೇ ಹಣ ಕೊಟ್ಟು ಹೆಚ್ಚು ಜನರಿಗೆ ತೋರಿಸಿದಾಗ) ತಾನಾಗಿ ಹುಟ್ಟಿಕೊಂಡ ವೈಯಕ್ತಿಕ ಖಾತೆ ಒಂದು, ಆಮೇಲೆ ಬಿಸಿನೆಸ್ ಪೋರ್ಟ್‌ಫೋಲಿಯೊ (ಒಂದು ವ್ಯವಹಾರದ ಪುಟ, ಖಾತೆಗಳನ್ನೆಲ್ಲ ಒಟ್ಟಿಗೆ ಇಡುವ ಜಾಗ) ಒಳಗೆ ತೆರೆದದ್ದು ಒಂದು. ಹೆಸರು ಎರಡಕ್ಕೂ ಒಂದೇ ಇದ್ದರೂ ಇರಬಹುದು. ಹೊಸ ಕಾರ್ಡನ್ನು ತಪ್ಪು ಖಾತೆಗೆ ಸೇರಿಸಿ, ‘ಕಾರ್ಡು ಹಾಕಿದ್ದೇನೆ, ಆದರೂ ಜಾಹೀರಾತು ನಿಂತಿದೆ’ ಎನ್ನುವವರೇ ಹೆಚ್ಚು. ಹೆಸರನ್ನು ನಂಬಬೇಡಿ, ಸಂಖ್ಯೆಯನ್ನು ನೋಡಿ. ಆ್ಯಡ್ಸ್ ಮ್ಯಾನೇಜರ್ ತೆರೆದಾಗ ಬ್ರೌಸರಿನ ವಿಳಾಸಪಟ್ಟಿಯಲ್ಲಿ ‘ಎಸಿಟಿ’ (act) ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ಉದ್ದನೆಯ ಸಂಖ್ಯೆ ಕಾಣುತ್ತದಲ್ಲ, ಅದೇ ಖಾತೆಯ ಗುರುತು. ಹಳೆಯ ರಸೀದಿಯೊಂದನ್ನು ತೆರೆದು ಅಲ್ಲಿರುವ ಅಕೌಂಟ್ ಐಡಿಗೆ ಇದನ್ನು ತಾಳೆ ನೋಡಿದ ಮೇಲೆಯೇ ನಾನು ಮುಂದಕ್ಕೆ ಹೋಗುವುದು.

ಅನುಮತಿಯ ವಿಷಯವನ್ನೂ ಆಗಲೇ ನೋಡಿಕೊಳ್ಳಬೇಕು. ಜಾಹೀರಾತು ತಯಾರಿಸಲು, ತಿದ್ದಲು ಅವಕಾಶವಿದ್ದ ಮಾತ್ರಕ್ಕೆ ಪಾವತಿ ವಿಧಾನ ಬದಲಿಸಲು ಆಗುವುದಿಲ್ಲ. ಖಾತೆಯ ಮೇಲೆ ಪೂರ್ಣ ನಿಯಂತ್ರಣ ಬೇಕು. ಪೋರ್ಟ್‌ಫೋಲಿಯೊ ಮಟ್ಟದ ಹಣಕಾಸು ವಿವರಗಳನ್ನು ತಿದ್ದಲು ಅದಕ್ಕೆಂದೇ ಇರುವ ಫೈನಾನ್ಸ್ ಅನುಮತಿಯೂ ಇದೆ. ಬಟನ್ ಮಸುಕಾಗಿದ್ದರೆ ಅಥವಾ ಕಾಣಿಸದೇ ಇದ್ದರೆ ಬ್ರೌಸರ್ ಬದಲಿಸಿ ನೋಡುತ್ತಾ ಕೂರುವುದಕ್ಕಿಂತ ಅಡ್ಮಿನ್ ಯಾರೆಂದು ವಿಚಾರಿಸುವುದು ಒಳ್ಳೆಯದು.

ಇಷ್ಟಾದ ಮೇಲೆ ಆ್ಯಡ್ಸ್ ಮ್ಯಾನೇಜರಿನ ಎಡಗಡೆಯ ಮೆನುವಿನಲ್ಲಿ ‘ಬಿಲ್ಲಿಂಗ್ ಅಂಡ್ ಪೇಮೆಂಟ್ಸ್’ ತೆರೆದು, ಪಾವತಿ ವಿಧಾನಗಳ ಭಾಗಕ್ಕೆ ಹೋಗಿ ‘ಆ್ಯಡ್ ಪೇಮೆಂಟ್ ಮೆಥಡ್’ ಒತ್ತುತ್ತೇನೆ. ಬ್ಯಾಂಕು ಹೊಸ ಕಾರ್ಡು ಕೊಟ್ಟಾಗ ಹಳೆಯದನ್ನೇ ತಿದ್ದಿದರೆ ಸಾಕು ಎಂದು ಅನೇಕರು ಅಂದುಕೊಂಡಿರುತ್ತಾರೆ. ನಂಬರ್ ಅದೇ ಇದ್ದು ಅವಧಿ ಮಾತ್ರ ಬದಲಾಗಿದ್ದರೆ ತಿದ್ದಬಹುದು. ನಂಬರೇ ಬದಲಾಗಿದ್ದರೆ ಅದು ಹೊಸ ಕಾರ್ಡೇ, ಹೊಸದಾಗಿಯೇ ಸೇರಿಸಬೇಕು. ಹೆಸರು, ವಿಳಾಸ, ಪಿನ್‌ಕೋಡ್ ಬ್ಯಾಂಕಿನ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಹಾಕಿ. ಮನೆ ವಿಳಾಸಕ್ಕೆ ಕೊಟ್ಟ ಕಾರ್ಡಿಗೆ ಕಚೇರಿ ವಿಳಾಸ ಹಾಕಿ ತಿರಸ್ಕೃತವಾಗುವುದು ತೀರಾ ಸಾಮಾನ್ಯ. ಸೇರಿಸಿದ ಕೂಡಲೇ ಪರೀಕ್ಷೆಗೆಂದು ಒಂದು ಸಣ್ಣ ಮೊತ್ತವನ್ನು ತಡೆಹಿಡಿದದ್ದು ಬ್ಯಾಂಕಿನ ಸಂದೇಶದಲ್ಲಿ ಕಾಣಬಹುದು. ಅದು ಕಾರ್ಡು ಜೀವಂತವಾಗಿದೆಯೇ ಎಂದು ನೋಡಲು ಹಾಕಿದ ತಾತ್ಕಾಲಿಕ ತಡೆ, ತಾನಾಗಿ ಬಿಡುಗಡೆಯಾಗುತ್ತದೆ.

ಸೇರಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೊಸ ಕಾರ್ಡು ಪಟ್ಟಿಯಲ್ಲಿ ಎರಡನೆಯದಾಗಿ ಸುಮ್ಮನೆ ಕೂತಿರುತ್ತದೆ. ಪಕ್ಕದ ಮೂರು ಚುಕ್ಕಿ ಒತ್ತಿ ಅದನ್ನು ಡೀಫಾಲ್ಟ್ ಮಾಡಬೇಕು. ಆಮೇಲೆ ನಾನು ತಪ್ಪದೆ ಮಾಡುವ ಕೆಲಸವೆಂದರೆ ‘ಪೇ ನೌ’ ಒತ್ತಿ, ಹೊಸ ಕಾರ್ಡನ್ನೇ ಆರಿಸಿ, ಅಷ್ಟರವರೆಗಿನ ಬಾಕಿಯನ್ನು ತೀರಿಸಿಬಿಡುವುದು. ಇದರಿಂದ ಎರಡು ಲಾಭ. ಹಳೆಯ ಕಾರ್ಡು ತೆಗೆಯಲು ಅಡ್ಡವಾಗಿದ್ದ ಬಾಕಿ ಹೋಗುತ್ತದೆ. ಹೊಸ ಕಾರ್ಡು ನಿಜವಾಗಿ ಹಣ ಕೊಡುತ್ತದೆಯೋ ಇಲ್ಲವೋ ಎಂಬುದು ನಾನು ಪರದೆಯ ಮುಂದೆ ಕೂತಿರುವಾಗಲೇ ತಿಳಿಯುತ್ತದೆ. ಇಲ್ಲದಿದ್ದರೆ ಅದು ತಿಳಿಯುವುದು ಮುಂದಿನ ತಾನಾಗಿ ನಡೆಯುವ ಪಾವತಿಯಲ್ಲಿ, ಬಹುಶಃ ನಡುರಾತ್ರಿಯಲ್ಲಿ.

ಆ ತಾನಾಗಿ ನಡೆಯುವ ಪಾವತಿ ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಟೊಮ್ಯಾಟಿಕ್ ಪೇಮೆಂಟ್ ಇರುವ ಖಾತೆಯಲ್ಲಿ ಖರ್ಚು ಒಂದು ಮೊತ್ತ ಮುಟ್ಟಿದಾಗಲೆಲ್ಲ ಕಾರ್ಡಿನಿಂದ ಹಣ ಹೋಗುತ್ತದೆ. ಅದಕ್ಕೆ ಪೇಮೆಂಟ್ ಥ್ರೆಶೋಲ್ಡ್ ಎನ್ನುತ್ತಾರೆ. ಮುಟ್ಟದಿದ್ದರೂ ತಿಂಗಳಿಗೊಮ್ಮೆ ಬಿಲ್ಲಿಂಗ್ ದಿನಾಂಕದಂದು ಉಳಿದದ್ದು ಹೋಗುತ್ತದೆ. ಹೊಸ ಖಾತೆಗೆ ಈ ಮೊತ್ತ ಚಿಕ್ಕದಾಗಿರುತ್ತದೆ, ಪಾವತಿಗಳು ತಪ್ಪದೆ ಆಗುತ್ತಾ ಹೋದಂತೆ ಅದು ಏರುತ್ತದೆ. ಏರಿದ್ದನ್ನು ಗಮನಿಸದೇ ಇದ್ದರೆ ತೊಂದರೆ: ಕಾರ್ಡಿನ ದಿನದ ಆನ್‌ಲೈನ್ ಮಿತಿಗಿಂತ ಥ್ರೆಶೋಲ್ಡ್ ದೊಡ್ಡದಾದ ದಿನ ಪಾವತಿ ಬಿದ್ದುಹೋಗುತ್ತದೆ, ಕಾರ್ಡಿನಲ್ಲಿ ಹಣ ಇದ್ದರೂ. ಹೊಸ ಕಾರ್ಡು ಹಾಕಿದಾಗ ಅದರ ಮಿತಿಯನ್ನೂ ಥ್ರೆಶೋಲ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾರ್ಡಿನ ಮಿತಿ ಏರಿಸಲು ಆಗದಿದ್ದರೆ ಥ್ರೆಶೋಲ್ಡನ್ನು ಇಳಿಸಬಹುದು.

ಇದರ ಜೊತೆ ಅಕೌಂಟ್ ಸ್ಪೆಂಡಿಂಗ್ ಲಿಮಿಟನ್ನು (ಖಾತೆಯ ಒಟ್ಟು ಖರ್ಚಿಗೆ ಹಾಕಿಟ್ಟ ಮಿತಿಯನ್ನು) ಕಲಸಬೇಡಿ. ಥ್ರೆಶೋಲ್ಡ್ ಮುಟ್ಟಿದರೆ ಕಾರ್ಡಿಗೆ ಬಿಲ್ ಬೀಳುತ್ತದೆ, ಜಾಹೀರಾತು ನಡೆಯುತ್ತಲೇ ಇರುತ್ತದೆ. ಸ್ಪೆಂಡಿಂಗ್ ಲಿಮಿಟ್ ಮುಟ್ಟಿದರೆ ಆ ಖಾತೆಯ ಎಲ್ಲ ಜಾಹೀರಾತೂ ನಿಲ್ಲುತ್ತದೆ, ಕಾರ್ಡು ಎಷ್ಟೇ ಸರಿಯಿದ್ದರೂ. ಕಾರ್ಡು ಬದಲಿಸಿದ ಮೇಲೂ ಏನೂ ಓಡದಿದ್ದರೆ ನಾನು ಮೊದಲು ನೋಡುವುದು ಈ ಲಿಮಿಟನ್ನೇ. ಅದನ್ನು ಏರಿಸಬೇಕು, ರಿಸೆಟ್ ಮಾಡಬೇಕು ಅಥವಾ ತೆಗೆದುಹಾಕಬೇಕು.

ಪಾವತಿ ಬಿದ್ದುಹೋದರೆ ಕಾರಣ ಬಹಳ ಸಲ ಬ್ಯಾಂಕಿನ ಕಡೆಯೇ ಇರುತ್ತದೆ. ಅಂತರರಾಷ್ಟ್ರೀಯ ವ್ಯವಹಾರ ಬಂದ್ ಆಗಿರುವುದು, ಆನ್‌ಲೈನ್ ಬಳಕೆಯನ್ನೇ ಚಾಲೂ ಮಾಡದಿರುವುದು, ಅಪರಿಚಿತ ವ್ಯಾಪಾರಿಯೆಂದು ವಂಚನೆ ತಡೆಯುವ ವ್ಯವಸ್ಥೆ ಹಿಡಿದಿಡುವುದು. ಇವೆಲ್ಲಕ್ಕಿಂತ ಕಣ್ಣಿಗೆ ಬೀಳದ ಕಾರಣ ಓಟಿಪಿ. ಕಾರ್ಡು ಸೇರಿಸುವಾಗ ನೀವು ಮುಂದೆಯೇ ಕೂತಿರುತ್ತೀರಿ, ಓಟಿಪಿ ಹಾಕುತ್ತೀರಿ, ಸೇರುತ್ತದೆ. ಥ್ರೆಶೋಲ್ಡ್ ಮುಟ್ಟಿ ಬಿಲ್ ಬಿದ್ದಾಗ ಓಟಿಪಿ ಹಾಕಲು ಯಾರೂ ಇರುವುದಿಲ್ಲ. ಪ್ರತಿ ಪಾವತಿಗೂ ದೃಢೀಕರಣ ಬೇಕೆನ್ನುವ ಬ್ಯಾಂಕು ಅದನ್ನು ತಳ್ಳಿಹಾಕುತ್ತದೆ. ‘ನಿನ್ನೆ ಸರಿಯಾಗಿ ಸೇರಿತ್ತು, ಇವತ್ತು ಏಕೆ ಫೇಲ್’ ಎಂಬ ಪ್ರಶ್ನೆಗೆ ಉತ್ತರ ಅನೇಕ ಸಲ ಇದೇ. ‘ಪೇ ನೌ’ ಒತ್ತಿ ಮಾಡಿದ ನನ್ನ ಪರೀಕ್ಷೆಯಲ್ಲೂ ಇದು ಗೊತ್ತಾಗುವುದಿಲ್ಲ, ಏಕೆಂದರೆ ಆಗಲೂ ಓಟಿಪಿ ಹಾಕಿದ್ದು ನಾನೇ. ಅದಕ್ಕೇ ಹಳೆಯ ಕಾರ್ಡನ್ನು ಕೂಡಲೇ ತೆಗೆಯದೆ, ತಾನಾಗಿ ನಡೆದ ಒಂದು ಪಾವತಿ ದಾಟುವವರೆಗೂ ಎರಡನೆಯ ಕಾರ್ಡಾಗಿ ಉಳಿಸಿಕೊಳ್ಳುತ್ತೇನೆ. ಮುಖ್ಯ ಕಾರ್ಡು ಬಿದ್ದರೆ ಮೆಟಾ ಪಟ್ಟಿಯಲ್ಲಿರುವ ಇನ್ನೊಂದಕ್ಕೆ ಪ್ರಯತ್ನಿಸುತ್ತದೆ. ಇಂಥ ಬ್ಯಾಂಕಿನ ಕಾರ್ಡೊಂದೇ ಗತಿ ಎನ್ನುವವರಿಗೆ, ಮುಂಗಡ ಹಣ ಹಾಕಿ ಖರ್ಚು ಮಾಡುವ ಪ್ರೀಪೇಯ್ಡ್ ಖಾತೆಯೇ ನೆಮ್ಮದಿ.

ಬಿದ್ದುಹೋದ ಪಾವತಿಯನ್ನು ಮತ್ತೆ ಮತ್ತೆ ಒತ್ತಬೇಡಿ. ಹತ್ತು ನಿಮಿಷದಲ್ಲಿ ಮೂರು ಕಾರ್ಡು ಹಾಕಿ ನೋಡುವುದು ಕದ್ದ ಕಾರ್ಡುಗಳನ್ನು ಪರೀಕ್ಷಿಸುವವರ ನಡವಳಿಕೆಯಂತೆಯೇ ಕಾಣುತ್ತದೆ, ಖಾತೆಯನ್ನೇ ತಡೆಹಿಡಿಯುವ ಅಪಾಯವಿದೆ. ಒಮ್ಮೆ ಬಿದ್ದರೆ ನಿಲ್ಲಿಸಿ, ಬ್ಯಾಂಕಿಗೆ ಫೋನ್ ಮಾಡಿ, ತಿರಸ್ಕರಿಸಿದ ಕಾರಣ ಕೇಳಿ, ಸರಿಪಡಿಸಿಕೊಂಡು ಮತ್ತೊಮ್ಮೆ ಪ್ರಯತ್ನಿಸಿ.

ತಡ ಮಾಡಿದರೆ ಕಳೆದುಕೊಳ್ಳುವುದು ಬರೀ ಒಂದೆರಡು ದಿನವಲ್ಲ. ಆ್ಯಡ್ ಸೆಟ್ (ಕ್ಯಾಂಪೇನಿನೊಳಗಿನ ಜಾಹೀರಾತುಗಳ ಒಂದು ಗುಂಪು) ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ನಿಂತು ಮತ್ತೆ ಶುರುವಾದರೆ ಅದು ಮರಳಿ ಲರ್ನಿಂಗ್ ಹಂತಕ್ಕೆ, ಅಂದರೆ ಜಾಹೀರಾತನ್ನು ಯಾರಿಗೆ ತೋರಿಸಿದರೆ ಫಲ ಸಿಗುತ್ತದೆ ಎಂದು ಮೆಟಾ ಕಲಿಯುವ ಹಂತಕ್ಕೆ, ಹೋಗುತ್ತದೆ. ಆ ಹಂತ ದಾಟಲು ಸಾಮಾನ್ಯವಾಗಿ ವಾರದಲ್ಲಿ 50ರಷ್ಟು ಫಲಿತಾಂಶಗಳು (ಖರೀದಿ, ವಿಚಾರಣೆಯಂಥವು) ಬೇಕು. ಅಷ್ಟು ದಿನ ಹಣ ಕೊಟ್ಟು ಕಲಿಸಿದ್ದನ್ನು ಮತ್ತೆ ಹಣ ಕೊಟ್ಟು ಕಲಿಸಬೇಕಾಗುತ್ತದೆ. ಬಾಕಿ ತೀರಿದ ಮೇಲೆ ಎಲ್ಲವೂ ತಾನಾಗಿ ಓಡುತ್ತದೆ ಎಂದೂ ನಂಬಬೇಡಿ. ಒಂದೊಂದು ಕ್ಯಾಂಪೇನನ್ನೂ ತೆರೆದು ಆನ್ ಇದೆಯೇ, ಕೊನೆಯ ದಿನಾಂಕ ದಾಟಿಹೋಗಿದೆಯೇ ಎಂದು ನೋಡಿ. ಕಾರ್ಡು ಬದಲಿಸಿದ್ದರಿಂದಲೇ ಲರ್ನಿಂಗ್ ಕೆಡುವುದಿಲ್ಲ. ಆ ಭಯದಿಂದ ಮುಂದೂಡುವವರಿಗಾಗಿ ಹೇಳಿದೆ.

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಈ ಪಾವತಿ ಕಾಣುವ ರೀತಿಯನ್ನು ಲೆಕ್ಕ ಬರೆಯುವವರಿಗೆ ಹೇಳಿಕೊಡಿ. ಎಫ್, ಎ, ಸಿ, ಇ, ಬಿ, ಕೆ ಎಂಬ ಆರು ಇಂಗ್ಲಿಷ್ ಅಕ್ಷರ, ಅದರ ಮುಂದೆ ಅಕ್ಷರ ಅಂಕಿ ಬೆರೆತ ಹತ್ತು ಸ್ಥಾನದ ಒಂದು ಕೋಡ್. ಅದೇ ಕೋಡ್ ಬಿಲ್ಲಿಂಗ್ ಪುಟದ ವ್ಯವಹಾರ ಪಟ್ಟಿಯಲ್ಲಿ ರೆಫರೆನ್ಸ್ ನಂಬರ್ ಎಂದು ಇರುತ್ತದೆ. ಮೊತ್ತ ನೋಡಿ ಹೊಂದಿಸಲು ಹೋಗಬೇಡಿ, ಥ್ರೆಶೋಲ್ಡ್ ಪಾವತಿಗಳ ಮೊತ್ತ ಹೆಚ್ಚುಕಡಿಮೆ ಒಂದೇ ಇರುತ್ತದೆ. ಕೋಡಿನಿಂದ ಹೊಂದಿಸಿದರೆ ಯಾವ ಖಾತೆಯ ಖರ್ಚು ಯಾವ ಕಾರ್ಡಿಗೆ ಬಿತ್ತು ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ. ಪಟ್ಟಿಯಲ್ಲೇ ಇಲ್ಲದ ಕೋಡ್ ಸ್ಟೇಟ್‌ಮೆಂಟಿನಲ್ಲಿ ಕಂಡರೆ ನಿಮ್ಮ ಕಾರ್ಡು ಇನ್ನೊಂದು ಖಾತೆಯಲ್ಲೂ ಇದೆ ಎಂದರ್ಥ.

ವ್ಯವಹಾರದ ಹೆಸರು, ವಿಳಾಸ, ತೆರಿಗೆ ಸಂಖ್ಯೆ ಇರುವುದು ಅದೇ ಪಾವತಿ ಸೆಟ್ಟಿಂಗಿನ ವ್ಯವಹಾರ ಮಾಹಿತಿಯ ಭಾಗದಲ್ಲಿ. ಇವನ್ನು ಬದಲಿಸುವುದಿದ್ದರೆ ಬಾಕಿ ತೀರಿಸುವ ಮೊದಲೇ ಬದಲಿಸಿ. ಪಾವತಿ ಆದಾಗ ಯಾವ ವಿವರ ಇರುತ್ತದೆಯೋ ಅದೇ ರಸೀದಿಯಲ್ಲಿ ಅಚ್ಚಾಗುತ್ತದೆ, ಆಮೇಲೆ ತಿದ್ದಿಸಿಕೊಳ್ಳಲು ಬರುವುದಿಲ್ಲ. ತೆರಿಗೆ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ ಆ ರಸೀದಿ ಲೆಕ್ಕಪತ್ರಕ್ಕೆ ಬರುವುದಿಲ್ಲ. ನಾನು ನೋಂದಣಿ ಪತ್ರವನ್ನು ಪಕ್ಕದಲ್ಲಿ ತೆರೆದಿಟ್ಟು ನಕಲು ಮಾಡಿ ಅಂಟಿಸುತ್ತೇನೆ, ನೆನಪಿನಿಂದ ಟೈಪ್ ಮಾಡುವುದಿಲ್ಲ.

ಕರೆನ್ಸಿ, ಟೈಮ್ ಝೋನ್ ಬೇರೆಯೇ ಕಥೆ. ಅವನ್ನು ಬದಲಿಸಲು ಹೋದರೆ ಹೊಸ ಜಾಹೀರಾತು ಖಾತೆ ತೆರೆಯಬೇಕಾಗುತ್ತದೆ, ಹಳೆಯದು ಮುಚ್ಚುತ್ತದೆ. ಹಳೆಯ ಕ್ಯಾಂಪೇನ್‌ಗಳೆಲ್ಲ ಅಲ್ಲೇ ಉಳಿಯುತ್ತವೆ.

ಐಫೋನಿನ ಆ್ಯಪ್‌ನಿಂದ ಬೂಸ್ಟ್ ಮಾಡುವವರಿಗೆ ಒಂದು ಮಾತು. 2024ರಲ್ಲಿ ಬಂದ ಬದಲಾವಣೆಯ ಪ್ರಕಾರ ಐಒಎಸ್‌ನ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪ್‌ಗಳಲ್ಲಿ ಬೂಸ್ಟ್ ಮಾಡಿದರೆ ಬಿಲ್ ಆ್ಯಪಲ್ ಮೂಲಕ ಹೋಗುತ್ತದೆ, ಅದರ ಮೇಲೆ ಶೇ. 30 ಸೇವಾ ಶುಲ್ಕ ಬೀಳುತ್ತದೆ. ಆ ಹಣ ನೀವು ಇಷ್ಟು ಕಷ್ಟಪಟ್ಟು ಸೇರಿಸಿದ ಕಾರ್ಡಿನಿಂದ ಹೋಗದೆ ಆ್ಯಪಲ್ ಖಾತೆಯಲ್ಲಿರುವುದರಿಂದ ಹೋಗಬಹುದು. ಅದೇ ಬೂಸ್ಟನ್ನು ಬ್ರೌಸರಿನಲ್ಲಿ ಮಾಡಿದರೆ ಆ ಶುಲ್ಕವಿಲ್ಲ.

‘ನಿಮ್ಮ ಪಾವತಿ ವಿಫಲವಾಗಿದೆ, 24 ಗಂಟೆಯೊಳಗೆ ಇಲ್ಲಿ ಕಾರ್ಡು ಹಾಕಿ’ ಎಂಬ ಇಮೇಲ್ ಬಂದಾಗ ಅದರೊಳಗಿನ ಲಿಂಕ್ ಒತ್ತಬೇಡಿ, ನಿಜವಾದದ್ದೇ ಎನಿಸಿದರೂ. ಬ್ರೌಸರಿನಲ್ಲಿ ಆ್ಯಡ್ಸ್ ಮ್ಯಾನೇಜರನ್ನು ನೀವೇ ತೆರೆದು ಬಿಲ್ಲಿಂಗ್ ಪುಟ ನೋಡಿ. ಪಾವತಿ ಬಿದ್ದಿದ್ದರೆ ಅಲ್ಲಿ ಕಾಣಲೇಬೇಕು. ಮೆಟಾ ಕಳಿಸಿದ ಇತ್ತೀಚಿನ ಇಮೇಲ್‌ಗಳ ಪಟ್ಟಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೆಟ್ಟಿಂಗಿನಲ್ಲಿರುವ ಅಕೌಂಟ್ಸ್ ಸೆಂಟರಿನ ಪಾಸ್‌ವರ್ಡ್ ಮತ್ತು ಭದ್ರತೆ ಭಾಗದಲ್ಲೂ ಸಿಗುತ್ತದೆ. ಕಾರ್ಡು ಹಾಕಿದ ದಿನವೇ ಖಾತೆಗೆ ಯಾರ್ಯಾರಿಗೆ ಪ್ರವೇಶವಿದೆ ಎಂದು ಒಮ್ಮೆ ನೋಡಿ, ಕೆಲಸ ಬಿಟ್ಟುಹೋದವರ ಹೆಸರು ತೆಗೆಯಿರಿ. ಖಾತೆಗೆ ನುಗ್ಗಿದವನಿಗೆ ಬೇಕಾಗಿರುವುದು ಅಲ್ಲಿರುವ ಕಾರ್ಡೇ.

ಹೊಸ ಕಾರ್ಡಿನ ಮೇಲೆ ತಾನಾಗಿ ಒಂದು ಪಾವತಿ ಆದ ಮೇಲೆ ಹಳೆಯದರ ಪಕ್ಕದ ಮೂರು ಚುಕ್ಕಿ ಒತ್ತಿ ತೆಗೆಯುತ್ತೇನೆ. ಬ್ಯಾಂಕಿನಲ್ಲಿ ಮಾತ್ರ ಆ ಕಾರ್ಡನ್ನು ಅವತ್ತೇ ಮುಚ್ಚಿಸುವುದಿಲ್ಲ. ಅದರಿಂದ ಹೋದ ಹಣಕ್ಕೆ ಮರುಪಾವತಿ ಏನಾದರೂ ಬರುವುದಿದ್ದರೆ ಅದು ಹಳೆಯ ಕಾರ್ಡಿಗೇ ಬರುತ್ತದೆ, ಹಾಗಾಗಿ ಮುಂದಿನ ತಿಂಗಳ ಬಿಲ್ಲಿಂಗ್ ದಿನಾಂಕ ದಾಟುವವರೆಗೆ ಅದನ್ನು ಹಾಗೇ ಬಿಟ್ಟಿರುತ್ತೇನೆ.