ಒಂದೇ ಬಗೆ ಆಡಿದರೆ ಮಾಷ್ಟ್ರು ಹಿಡಿಯುತ್ತಾರೆ

ಬದಿಯಡ್ಕದ ಹತ್ತಿರ ನಮ್ಮದೊಂದು ಆರು ಜನರ ಕೂಟ. ಮಳೆ ಹೊಳವಾಗದೆ ಅಡಿಕೆಗೆ ಮದ್ದು ಬಿಡಲು ಆಗದ ದಿನ ಟೆಕ್ಸಾಸ್ ಹೋಲ್ಡೆಮ್ ಪೋಕರ್ ಆಡುತ್ತೇವೆ, ಒಬ್ಬೊಬ್ಬರ ಕೈಗೆ ಎರಡೆರಡೇ ಎಲೆ ಹಂಚುವ ಇಸ್ಪೀಟಾಟ. ದುಡ್ಡಿಲ್ಲ, ಹುಣಸೆ ಬೀಜವೇ ಪಣ. ಎಲ್ಲರೂ ಇಪ್ಪತ್ತೆಂಟು ಆಡಿ ಬೆಳೆದವರು. ಅದರಲ್ಲಿ ಗುಲಾಮನಿಗೆ 3 ಪಾಯಿಂಟು, ರಾಜನಿಗೆ ಸೊನ್ನೆ. ಹಾಗಾಗಿ ಪೋಕರಿನಲ್ಲಿ ರಾಜನೇ ಮೇಲಾದರೂ ಮೊದಮೊದಲು ಗುಲಾಮ ಬಂದರೆ ಸಾಕು, ಕೆಲವರ ಮುಖವೇ ಅರಳುತ್ತಿತ್ತು!

ಮೊದಲು ಮಾತಾಡಬೇಕಾದ ಸೀಟಿನಲ್ಲಿ ನಾನು ರೈಸ್ ಮಾಡುತ್ತಿದ್ದದ್ದು, ಅಂದರೆ ಪಣ ಏರಿಸುತ್ತಿದ್ದದ್ದು, ಒಂಬತ್ತರ ಜೋಡಿಯಿಂದ ಎಕ್ಕದ ಜೋಡಿವರೆಗೆ, ಮತ್ತೆ ಎಕ್ಕ-ರಾಜ, ಎಕ್ಕ-ರಾಣಿ. ಎರಡೆಲೆ ಬರುವ ಬಗೆ ಒಟ್ಟು 1,326. ಅದರಲ್ಲಿ ಇವು 68 ಮಾತ್ರ. ಆಟವೇನೋ ಸರಿ. ಆದರೆ ನಮ್ಮ ಕೂಟದ ಮಾಷ್ಟ್ರು ನಿವೃತ್ತರಾದರೂ ಹಾಜರಿ ಪುಸ್ತಕ ಬಿಟ್ಟಿಲ್ಲ. "ನೀನು ಬೀಜ ಮುಂದೆ ತಳ್ಳಿದೆಯಾ? ನಾನಿಲ್ಲಪ್ಪ" ಎಂದು ಎಲೆ ಮಡಚುತ್ತಿದ್ದರು. ಎಕ್ಕದ ಜೋಡಿ ಬಂದೂ ಬ್ಲೈಂಡಿನ (ಎಲೆ ನೋಡುವ ಮೊದಲೇ ಇಬ್ಬರು ಇಡಬೇಕಾದ ಪಣದ) ನಾಲ್ಕು ಬೀಜ ಸಿಕ್ಕಿದರೆ ಏನು ಪ್ರಯೋಜನ?

ಆಗ ಚಿಕ್ಕ ಎಲೆಗಳನ್ನೂ ಸೇರಿಸಿದೆ. ನಾಲ್ಕು-ಐದರಿಂದ ಎಂಟು-ಒಂಬತ್ತರವರೆಗಿನ ಅಕ್ಕಪಕ್ಕದ ಎಲೆಗಳು, ಎರಡೂ ಆಟೀನ್ ಆಗಿದ್ದರೆ ಮಾತ್ರ ರೈಸ್. ಕಳಾವರ್, ಡೈಮನ್ ಆದರೆ ಇಲ್ಲ. ಮನಸ್ಸು ಬಂದಾಗ ಬದಲಿಸುತ್ತೇನೆ ಎಂದು ಹೊರಟರೆ ಸೋತಾಗಲೇ ಮನಸ್ಸು ಬರುವುದು ಜಾಸ್ತಿ, ಅಲ್ವಾ? ಬಣ್ಣಕ್ಕೆ ಬಿಟ್ಟರೆ ಆ ತಾಪತ್ರಯವಿಲ್ಲ. ಹೀಗೆ ಸೇರಿದ್ದು ಐದೇ ಐದು ಬಗೆ. ಪಣ ಮಾತ್ರ ಯಾವಾಗಲೂ ಬಿಗ್ ಬ್ಲೈಂಡಿನ, ಅಂದರೆ ಆ ಎರಡರಲ್ಲಿ ದೊಡ್ಡ ಬ್ಲೈಂಡಿನ, ಮೂರು ಪಟ್ಟು. ಆರು-ಏಳಕ್ಕೆ ಕಡಿಮೆ, ಎಕ್ಕಕ್ಕೆ ಜಾಸ್ತಿ ಇಟ್ಟರೆ ಮಾಷ್ಟ್ರಿಗೆ ಅದೇ ಸಾಕು.

ಒಮ್ಮೆ ಎಲ್ಲರೂ ಬಿಟ್ಟ ಮೇಲೆ ಆಟೀನ್ ಆರು-ಏಳನ್ನು ಬೇಕೆಂದೇ ತಿರುಗಿಸಿ ತೋರಿಸಿದೆ. ಅಲ್ಲಿಂದ ಮಾಷ್ಟ್ರು ರಾಣಿ-ಹತ್ತು ಹಿಡಿದೂ ಕಾಲ್ ಮಾಡುತ್ತಾರೆ, ಅಂದರೆ ಅಷ್ಟೇ ಪಣ ಇಟ್ಟು ಆಟದಲ್ಲಿ ಉಳಿಯುತ್ತಾರೆ. ನನ್ನ ಕೈಯಲ್ಲಿ ಹೆಚ್ಚಾಗಿ ಇರುವುದು ಆ ಹಳೆಯ 68ರಲ್ಲೊಂದೇ.

ಎಕ್ಕದ ಜೋಡಿಯನ್ನು ಅಡಗಿಸಿ ಸುಮ್ನೆ ಕಾಲ್ ಮಾಡುವುದು ಅಪರೂಪಕ್ಕೆ, ಎರಡೂ ಕಪ್ಪು ಎಲೆ ಬಂದಾಗ ಮಾತ್ರ. ಆರರಲ್ಲಿ ಒಂದು ಸಲ. ಪಣ ಏರಿಸದಿದ್ದರೆ ತುಂಬ ಜನ ಆಟದಲ್ಲಿ ಉಳಿದುಬಿಡಬಹುದಲ್ಲ. ಎದುರು ಒಬ್ಬನೇ ಇದ್ದು ಯಾವುದೋ ಎರಡೆಲೆ ಹಿಡಿದಿದ್ದರೆ ಎಕ್ಕದ ಜೋಡಿ ಕೊನೆಗೆ ಗೆಲ್ಲುವುದು ಸುಮಾರು 85 ಶೇಕಡಾ. ಐದು ಜನರೂ ಉಳಿದರೆ ಅದು 49ಕ್ಕೆ ಇಳಿಯುತ್ತದೆ.

ನಮ್ಮ ಭಾವನ ಮುಂದೆ ಮಾತ್ರ ಇದೊಂದೂ ನಡೆಯುವುದಿಲ್ಲ. ಅವರು ಬೇರೆಯವರ ಆಟ ನೋಡುವುದೇ ಇಲ್ಲ, ಎಲೆ ಬಂದರೆ ಕಾಲ್. ಅವರು ಬಿಗ್ ಬ್ಲೈಂಡಿನಲ್ಲಿ ಕೂತಿದ್ದರೆ ಆಟೀನ್ ಇರಲಿ, ಏನೇ ಇರಲಿ, ಚಿಕ್ಕ ಎಲೆ ಮಡಚಿಟ್ಟು ಚಾ ಕುಡಿಯುತ್ತೇನೆ.