ಅನ್ನ ಬಿಟ್ಟರೆ ಸಾಲದು, ಕಡಂಬುಟ್ಟು ಎಣಿಸಿ: ಶುಗರ್ ಮತ್ತು ತೂಕಕ್ಕೆ ಕೊಡಗಿನ ಊಟದ ಲೆಕ್ಕ

“ಅನ್ನ ಬಿಟ್ಟು ಮೂರು ತಿಂಗಳಾಯ್ತಲ್ಲಮ್ಮಾ, ಶುಗರ್ ಯಾಕೆ ಇಳೀತಿಲ್ಲ?” ನಮ್ಮ ಮಾವ ಹೀಗೆ ಕೇಳಿದಾಗ ಅವರ ತಟ್ಟೆಯಲ್ಲಿ ಆರು ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ, ಇದ್ದವು. ಬೆಳಿಗ್ಗೆ ಮೂರು ಅಕ್ಕಿ ರೊಟ್ಟಿ ಆಗಿತ್ತು. ಅವರು ಅನ್ನ ಬಿಟ್ಟಿದ್ದು ನಿಜ. ಅಕ್ಕಿ ಬಿಟ್ಟಿರಲಿಲ್ಲ.

ವಿರಾಜಪೇಟೆಯಿಂದ ಸೋಮವಾರಪೇಟೆವರೆಗೆ ನೆಂಟರ ಮನೆಗಳಲ್ಲಿ ಇದೇ ತಪ್ಪನ್ನು ನೋಡುತ್ತಾ ಬಂದಿದ್ದೇನೆ. ನೂಪುಟ್ಟು (ಒತ್ತು ಶಾವಿಗೆ), ಪಾಪುಟ್ಟು (ಹಾಲು, ತೆಂಗಿನಕಾಯಿ ಹಾಕಿ ಹಬೆಯಲ್ಲಿ ಬೇಯಿಸಿದ ತರಿ), ಕಡಂಬುಟ್ಟು, ಎಲ್ಲದರ ಒಳಗಿರುವುದು ಅಕ್ಕಿಯೇ. ನಮ್ಮ ರೊಟ್ಟಿಯಲ್ಲಂತೂ ಅಕ್ಕಿ ಹಿಟ್ಟಿಗೆ ಅನ್ನವನ್ನೇ ಸೇರಿಸಿ ನಾದುತ್ತೇವೆ, ಅಲ್ವಾ? ಇವನ್ನೆಲ್ಲ ಬಿಡಬೇಕಾಗಿಲ್ಲ. ಅಳತೆ ಗೊತ್ತಿರಬೇಕು.

1. ಮೊದಲು ಎಲ್ಲಿದ್ದೀರಿ ನೋಡಿಕೊಳ್ಳಿ

ಖಾಲಿ ಹೊಟ್ಟೆಯ ಶುಗರ್ 100ರಿಂದ 125 ಇದ್ದರೆ ಎಚ್ಚರಿಕೆಯ ಗಂಟೆ. 126 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರು ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಟೇಪ್ ಸುತ್ತುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ.

ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಇಳಿಸಲೇಬಾರದು. ಊಟ ಕಮ್ಮಿಯಾಗಿ ಮದ್ದು ಅಷ್ಟೇ ಇದ್ದರೆ ಶುಗರ್ ಕುಸಿಯಬಹುದು. ಕೈ ನಡುಗಿ, ಬೆವರಿ, ಶುಗರ್ 70ಕ್ಕಿಂತ ಕೆಳಗೆ ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ.

2. ತರಿಯನ್ನು ಬೇಯಿಸುವ ಮೊದಲೇ ಅಳೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಬೆಂದ ಮೇಲೆ ಕಣ್ಣಂದಾಜು ಕೆಲಸಕ್ಕೆ ಬರುವುದಿಲ್ಲ. ನೀರು ಕುಡಿದ ತರಿ ಉಬ್ಬಿರುತ್ತದೆ. ಒಬ್ಬರ ಕೈಯಲ್ಲಿ ಉಂಡೆ ನಿಂಬೆಹಣ್ಣಿನಷ್ಟಾದರೆ ಇನ್ನೊಬ್ಬರ ಕೈಯಲ್ಲಿ ಕಿತ್ತಳೆಯಷ್ಟಾಗುತ್ತದೆ. “ಎರಡೇ ತಿಂದೆ” ಅಂದರೆ ಯಾವ ಎರಡು?

ನಾನು ಮಾಡುವುದು ಹೀಗೆ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ 160 ಗ್ರಾಂ ತರಿ ತೂಗಿ, ಎಂದಿನಂತೆ ಉಪ್ಪು ನೀರಿನಲ್ಲಿ ಮಗುಚಿ ಬೇಯಿಸುತ್ತೇನೆ. ಕೈ ತಾಳುವಷ್ಟು ಆರಿದ ಮೇಲೆ ತಟ್ಟೆಯಲ್ಲಿ ಹರಡಿ, ಚಾಕುವಿನಲ್ಲಿ ಎರಡು, ನಾಲ್ಕು, ಎಂಟು ಭಾಗ ಮಾಡುತ್ತೇನೆ. ಆಮೇಲೆ ಒಂದೊಂದು ಭಾಗವನ್ನೇ ಉಂಡೆ ಕಟ್ಟಿ ಹಬೆಗೆ ಇಡುತ್ತೇನೆ. ಒಂದು ಉಂಡೆಗೆ 20 ಗ್ರಾಂ ತರಿ ಬಂತು. ಅದರಲ್ಲಿ ಪಿಷ್ಟ ಸುಮಾರು 15 ಗ್ರಾಂ. ಹೊಟ್ಟೆಯಲ್ಲಿ ಅದು ಗ್ಲೂಕೋಸೇ ಆಗುವುದು. ಲೆಕ್ಕಕ್ಕೆ ಮೂರು ಚಮಚ ಸಕ್ಕರೆ ಅಂದುಕೊಳ್ಳಿ. ಮಾವನ ಆರು ಉಂಡೆ ಎಂದರೆ ಹದಿನೆಂಟು ಚಮಚ!

ಶುಗರ್ ಇರುವವರಿಗೆ ಒಂದು ಊಟಕ್ಕೆ ಎರಡು ಸಾಕು. ತೋಟದಲ್ಲಿ ಮೈಮುರಿದು ದುಡಿಯುವವರಿಗೆ ಮೂರು. ರೊಟ್ಟಿ ಹಿಟ್ಟನ್ನೂ ಹೀಗೇ ತೂಗಿ ಭಾಗ ಮಾಡಿ, ಅದಕ್ಕೆ ಸೇರಿಸುವ ಅನ್ನದ ಲೆಕ್ಕ ಮರೆಯಬೇಡಿ. ಒಂದು ವಾರ ತೂಗಿದರೆ ಆಮೇಲೆ ಕೈಗೇ ಅಳತೆ ಗೊತ್ತಾಗುತ್ತದೆ.

“ರಾಗಿ ಆದ್ರೆ ಎಷ್ಟು ತಿಂದ್ರೂ ಆಗುತ್ತಲ್ವಾ?” ಅನ್ನುತ್ತಾರೆ. ಆಗುವುದಿಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಆದರೆ ಪಿಷ್ಟ ಅಕ್ಕಿಗಿಂತ ತೀರಾ ಕಮ್ಮಿಯೇನಿಲ್ಲ. ಅದನ್ನು ನುಣ್ಣಗೆ ಗಂಜಿ ಮಾಡಿ ಕುಡಿದರೆ ಶುಗರ್ ಬೇಗ ಏರುತ್ತದೆ.

3. ತಟ್ಟೆ ತುಂಬುವ ಕ್ರಮ ಬದಲಿಸಿ

ಅರ್ಧ ತಟ್ಟೆ ತರಕಾರಿ. ಬೀನ್ಸ್ ಪಲ್ಯ, ಕೆಸುವಿನ ಸೊಪ್ಪು, ಅಣಬೆ, ನೀರು ಬದಲಿಸುತ್ತಾ ನೆನೆಸಿ ಬೇಯಿಸಿದ ಕಣಿಲೆ (ಎಳೆ ಬಿದಿರು), ಯಾವುದಾದರೂ ಸರಿ. ಹಲಸಿನ ಬೀಜ, ಗೆಣಸು ಈ ಪಾಲಿಗೆ ಸೇರುವುದಿಲ್ಲ, ಅವು ಅಕ್ಕಿಯ ಪಾಲಿನವು. ಕಾಲು ತಟ್ಟೆ ಮಾಂಸ, ಮೊಟ್ಟೆ, ಮೀನು ಅಥವಾ ಕಾಳು. ಉಳಿದ ಕಾಲು ಭಾಗದಲ್ಲಿ ಕಡಂಬುಟ್ಟು. ಮೊದಲು ಪಲ್ಯ, ಮಾಂಸ ತಿನ್ನಿ, ಕಡಂಬುಟ್ಟು ಕೊನೆಗೆ. ಹೀಗೆ ತಿಂದರೆ ಊಟದ ನಂತರದ ಶುಗರ್ ಅಷ್ಟಾಗಿ ಏರುವುದಿಲ್ಲ.

4. ಪಂದಿ ಕರಿಯ ಕೊಬ್ಬು ತೆಗೆಯಿರಿ

ಪಂದಿ ಕರಿ (ಹಂದಿ ಮಾಂಸದ ಸಾರು) ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಬೆಳ್ಳಗೆ ಮೇಣದ ಹಾಗೆ ಕೊಬ್ಬು ಕಟ್ಟಿರುತ್ತದೆ. ಅದನ್ನು ಚಮಚದಲ್ಲಿ ಎಬ್ಬಿಸಿ ತೆಗೆದು, ಆಮೇಲೆ ಬಿಸಿ ಮಾಡಿ. ಕೊಬ್ಬು ಒಂದು ಗ್ರಾಂಗೆ 9 ಕ್ಯಾಲೊರಿ, ಪಿಷ್ಟಕ್ಕಿಂತ ದುಪ್ಪಟ್ಟಿಗೂ ಜಾಸ್ತಿ. ಒಗ್ಗರಣೆಗೆ ಬೇರೆ ಎಣ್ಣೆ ಬೇಡವೇ ಬೇಡ.

ಹಣ್ಣಿನ ರಸ ಕುದಿಸಿ ಇಳಿಸಿದ ನಮ್ಮ ಕಪ್ಪು ಹುಳಿ, ಕಾಚಂಪುಳಿ ಹಾಕಿ, ರುಚಿಗೆ. ಅದು ಬೊಜ್ಜು ಕರಗಿಸುತ್ತದೆ ಎಂದು ನಂಬಿ ಅದೇ ಜಾತಿಯ ಹಣ್ಣಿನಿಂದ ಮಾಡಿದ ಗಾರ್ಸಿನಿಯಾ ಕ್ಯಾಪ್ಸೂಲ್ ನುಂಗಬೇಡಿ. ಅವುಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ‘ಡಯಾಬಿಟಿಕ್’ ಬಿಸ್ಕತ್ತೂ ಅಷ್ಟೇ. ಪ್ಯಾಕೆಟ್ ತಿರುಗಿಸಿ ನೋಡಿ. ಸಕ್ಕರೆ ಇಲ್ಲದಿದ್ದರೂ ಮೈದಾ, ಎಣ್ಣೆ ಇರುತ್ತವೆ.

5. ಕಾಫಿಯ ಬೆಲ್ಲ

ಬೆಲ್ಲಕ್ಕೂ ಸಕ್ಕರೆಗೂ ಶುಗರ್ ಏರಿಸುವುದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಜೇನಿನಲ್ಲೂ ನೂರಕ್ಕೆ ಎಂಬತ್ತು ಪಾಲು ಸಕ್ಕರೆಯೇ. ದಿನಕ್ಕೆ ಐದು ಲೋಟ ಬೆಲ್ಲದ ಕಾಫಿ ಕುಡಿಯುವವರು ವಾರಕ್ಕೆ ಅರ್ಧ ಚಮಚದಂತೆ ಬೆಲ್ಲ ಇಳಿಸಿ. ಚಿಕೋರಿ ಇಲ್ಲದ ಅರೇಬಿಕಾ ಪುಡಿ ಕೊಳ್ಳಿ. ಕಹಿ ಕಮ್ಮಿ ಇರುವುದರಿಂದ ಸಿಹಿ ಇಲ್ಲದೆಯೂ ಕುಡಿಯಬಹುದು. ಮನೆಯ ವೈನ್, ಪ್ಯಾಶನ್ ಫ್ರೂಟ್ ಸ್ಕ್ವಾಷ್ ದೂರ ಇಡಿ.

6. ಊಟವಾದ ಎರಡು ಗಂಟೆಗೆ ಪರೀಕ್ಷಿಸಿ

ಊಟವಾದ ಮೇಲೆ ಹತ್ತು ನಿಮಿಷ ಅಂಗಳದಲ್ಲಿ ನಡೆಯಿರಿ. ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ ಹಾಕಿ ಗ್ಲೂಕೋಮೀಟರ್ ಹಿಡಿಯಿರಿ. ಸಾಮಾನ್ಯವಾಗಿ 180ರ ಒಳಗಿರಬೇಕು. ನಿಮಗೆ ಡಾಕ್ಟರು ಬೇರೆ ಅಂಕಿ ಹೇಳಿದ್ದರೆ ಅದೇ ಸರಿ. ಕೈ ಸೋಪು ಹಾಕಿ ತೊಳೆದು ಒರೆಸಿಕೊಳ್ಳಿ. ಮಾವನಿಗೆ ಒಮ್ಮೆ ಶುಗರ್ ಏಕಾಏಕಿ 290 ತೋರಿಸಿ ಮನೆಯವರೆಲ್ಲ ಗಾಬರಿಯಾದೆವು. ಆಗಷ್ಟೇ ಕಿತ್ತಳೆ ಸುಲಿದಿದ್ದರು, ಬೆರಳಿಗೆ ರಸ ಅಂಟಿತ್ತು. ತೊಳೆದು ಮತ್ತೆ ನೋಡಿದರೆ 162.

ಏನು ತಿಂದಿರಿ, ಎಷ್ಟು ಉಂಡೆ, ಎರಡು ಗಂಟೆಗೆ ಎಷ್ಟು ಬಂತು, ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಮಾವನ ಪುಸ್ತಕದಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನದ ಸಾಲು ಹೀಗಿದೆ: “ಪಂದಿ ಕರಿ, ಬೀನ್ಸ್, ಕಡಂಬುಟ್ಟು 2, ಪಾಯಸ ಇಲ್ಲ. 158.”